ಹಲ್ಲು ನೋಡಿ ಸೈಕಲ್ ತಗೊಳ್ಳಿ

"ಇದಕ್ಕೆ ಸ್ಟ್ಯಾಂಡ್ ಎಲ್ಲೋ?"

ಫೋನಲ್ಲಿ ಫೋಟೊ ತೋರಿಸಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಸ್ಟ್ಯಾಂಡ್ ಇರಲ್ಲ ಅಂದೆ. "ಕ್ಯಾರಿಯರ್ರು?" ಅದೂ ಇಲ್ಲ. "ಮಡ್‌ಗಾರ್ಡು? ಬೆಲ್ಲು?" ಯಾವುದೂ ಇಲ್ಲ. ಅಪ್ಪ ಫೋನನ್ನು ಸ್ವಲ್ಪ ದೂರ ಹಿಡಿದು ಇನ್ನೊಮ್ಮೆ ನೋಡಿದರು. "ಎಷ್ಟಂತೆ?"

"48 ಸಾವಿರ. ಸೆಕೆಂಡ್ ಹ್ಯಾಂಡು. ಹೊಸದಾದ್ರೆ ಲಕ್ಷದ ಮೇಲಾಗುತ್ತೆ."

"ಅಯ್ಯೋ, ಆ ದುಡ್ಗೆ ಒಳ್ಳೆ ಎಕ್ಸೆಲ್ಲೇ ಬತ್ತದಲ್ಲೋ! ಎರಡು ಮೂಟೆ ಭತ್ತನಾದ್ರೂ ಹೇರ್ಕೊಂಡು ಬರ್ಬೋದು."

ನಮ್ಮೂರು ಭೇರ್ಯ. ಕೆ.ಆರ್. ನಗರದಿಂದ ಹೊಳೆನರಸೀಪುರ, ಹಾಸನದ ಕಡೆ ಹೋಗೋ ಹೆದ್ದಾರಿ ಮೇಲಿದೆ. ಇಲ್ಲಿ 'ಬೈಕ್' ಅಂದ್ರೆ ಪೆಟ್ರೋಲ್ ಕುಡಿಯೋದು. ಕಾಲಲ್ಲಿ ತುಳಿಯೋದಕ್ಕೆ 'ರೋಡ್ ಬೈಕ್' ಅಂತ ಹೆಸರಿಟ್ಟು ಅರ್ಧ ಲಕ್ಷ ಕೊಡ್ತೀನಿ ಅಂದ್ರೆ ಅಪ್ಪ ಮಾತ್ರ ಅಲ್ಲ, ಬಸ್ ಸ್ಟ್ಯಾಂಡಲ್ಲಿ ನಿಂತಿರೋ ಯಾರೇ ಆದ್ರೂ ನಗ್ತಾರೆ. ನಾನೂ ನಗ್ತಿದ್ದೆ, ಆಫೀಸಿನ ವಾರ್ಷಿಕ ತಪಾಸಣೆಯ ರಿಪೋರ್ಟ್ ಬರೋವರೆಗೆ.

ಎಚ್‌ಬಿಎ1ಸಿ 6.1. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಅರ್ಥ. ಅಪ್ಪನಿಗೆ ಶುಗರ್ ಇದೆ, ಅಜ್ಜಿಗೂ ಇತ್ತು. ನನಗೆ ಮೂವತ್ತು. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಮೇಲೆ ಕೂತು ಕೋಡ್ ಬರೆಯೋ ಕೆಲಸ. ತಿಂಗಳಲ್ಲಿ ಎರಡು ವಾರ ಬೆಂಗಳೂರು, ಇನ್ನೆರಡು ವಾರ ಊರಿಂದಲೇ ಲಾಗಿನ್. ಡಾಕ್ಟರು ಹೇಳಿದ್ದು ಇಷ್ಟೇ: "ನಿಮಗೆ ಇಷ್ಟ ಆಗೋ ಯಾವುದಾದ್ರೂ ಒಂದು ವ್ಯಾಯಾಮ ಹಿಡೀರಿ. ಇಷ್ಟ ಇಲ್ಲದ್ದನ್ನ ನೀವು ಒಂದು ತಿಂಗಳೂ ಮಾಡಲ್ಲ."

ನನಗೆ ಇಷ್ಟ ಆಗೋದು ಒಂದೇ, ಸೈಕಲ್ಲು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರು ಮಾಡಿತಲ್ಲ, ಅದರಲ್ಲಿ ಸೈಕಲ್ ಪಡೆದವರಲ್ಲಿ ನಾನೂ ಒಬ್ಬ. ದಾನಕ್ಕೆ ಬಂದ ಎಮ್ಮೆ ಹಲ್ಲು ನೋಡಬಾರದು ಅಂತಾರೆ. ನಾನಂತೂ ಸೀಟು ಎತ್ತರ ಕೂಡ ನೋಡದೆ ಹತ್ತಿ ಕೂತಿದ್ದೆ. ಮೂರು ವರ್ಷ ಸ್ಕೂಲಿಗೂ ಹೋದೆ, ತೋಟಕ್ಕೂ ಹೋದೆ. ಆಮೇಲೆ ಇಂಜಿನಿಯರಿಂಗು, ಬೆಂಗಳೂರು, ಕ್ಯಾಬು.

ಈ ಸಲ ಸೈಕಲ್ಲು ದಾನಕ್ಕೆ ಬರ್ತಿರಲಿಲ್ಲ. ಹಾಗಾಗಿ ಹಲ್ಲು ನೋಡಲೇಬೇಕಿತ್ತು.

50 ಸಾವಿರಕ್ಕೆ ಏನು ಬರುತ್ತೆ?

ಬಜೆಟ್ ಹಾಕಿದ್ದು ಹೆಂಡತಿ. ಮನೆ ಸಾಲದ ಕಂತು, ಊರಿನ ಖರ್ಚು ಎಲ್ಲಾ ಲೆಕ್ಕ ಹಾಕಿ, "50 ಸಾವಿರ ರೀ. ಹೆಲ್ಮೆಟ್ಟೂ ಅದ್ರಲ್ಲೇ. ಇನ್ನೊಂದು ಮಾತು, ಆರು ತಿಂಗಳಾದ್ಮೇಲೆ ಅದ್ರ ಮೇಲೆ ಟವೆಲ್ ಒಣಗಾಕೋ ಹಾಗಾಗ್ಬಾರ್ದು" ಅಂದಳು. ಮನೆಯಲ್ಲಿ ಈಗಾಗಲೇ ಒಂದು ಟ್ರೆಡ್‌ಮಿಲ್ ಆ ಕೆಲಸ ಮಾಡ್ತಾ ಇದೆ. ಹಾಗಾಗಿ ನಾನು ವಾದ ಮಾಡಲಿಲ್ಲ.

ಈ ದುಡ್ಡಿಗೆ ಹೊಸದಾಗಿ ಸಿಗೋದು ಅಲ್ಯೂಮಿನಿಯಂ ಫ್ರೇಮಿನ ಆರಂಭಿಕ ಮಟ್ಟದ ರೋಡ್ ಸೈಕಲ್. ಗೇರ್ ಸೆಟ್ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ, ಇದು ಗೊತ್ತಿಲ್ಲದಿದ್ದರೆ ಜಾಹೀರಾತು ಓದಿದ್ರೂ ಅರ್ಥ ಆಗಲ್ಲ. ಶಿಮಾನೊ ಕಂಪನಿಯ ರೋಡ್ ಸೈಕಲ್ ಗೇರ್‌ಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೆಸರಿದೆ. ಹಿಂದಿನ ಚಕ್ರದಲ್ಲಿ 7 ಹಲ್ಲುಚಕ್ರ ಇದ್ದರೆ ಟೂರ್ನಿ, 8 ಇದ್ದರೆ ಕ್ಲಾರಿಸ್, 9 ಸೋರಾ, 10 ಟಿಯಾಗ್ರಾ. ಅದರ ಮೇಲೆ '105' ಅನ್ನೋದು. ಅದು 11 ಇದ್ದದ್ದು ಈಗ 12 ಆಗಿದೆ. ಮೇಲೆ ಹೋದಷ್ಟೂ ತೂಕ ಕಡಿಮೆ, ಗೇರ್ ಬದಲಾಗೋದು ನುಣುಪು, ಬೆಲೆ ಜಾಸ್ತಿ. 50 ಸಾವಿರದೊಳಗೆ ಹೊಸದಕ್ಕೆ ಹೋದ್ರೆ ಟೂರ್ನಿ ಅಥವಾ ಕ್ಲಾರಿಸ್‌ನಲ್ಲಿ ನಿಲ್ಲಬೇಕು.

ಅದೇ ದುಡ್ಡಿಗೆ ಹಳೇದು ನೋಡಿದ್ರೆ? ಸೋರಾ, ಟಿಯಾಗ್ರಾ, ಕೆಲವೊಮ್ಮೆ ಕಾರ್ಬನ್ ಫ್ರೇಮಿನ 105 ಕೂಡ ಕಣ್ಣಿಗೆ ಬೀಳುತ್ತೆ. ಇದಕ್ಕೆ ಒಂದು ಕಾರಣ ಇದೆ. 2020-21ರ ಕೋವಿಡ್ ಕಾಲದಲ್ಲಿ ಜಿಮ್ ಮುಚ್ಚಿದಾಗ ಜನ ಸೈಕಲ್ ಅಂಗಡಿಗೆ ಮುಗಿಬಿದ್ದಿದ್ದರು. ಎಷ್ಟೋ ಅಂಗಡಿಗಳಲ್ಲಿ ಸ್ಟಾಕೇ ಇರಲಿಲ್ಲ, ತಿಂಗಳುಗಟ್ಟಲೆ ಕಾಯಬೇಕಿತ್ತು. ಆಮೇಲೆ ಆಫೀಸು ತೆರೆಯಿತು, ಸೈಕಲ್ಲು ಬಾಲ್ಕನಿ ಸೇರಿತು. ಆ ಬಾಲ್ಕನಿಗಳಿಂದ ಇಳಿದು ಬರ್ತಿರೋ ಸೈಕಲ್‌ಗಳು ಬೆಂಗಳೂರು, ಮೈಸೂರಲ್ಲಿ ಬೇಕಾದಷ್ಟಿವೆ. ಕೆಲವು 500 ಕಿಲೋಮೀಟರ್ ಕೂಡ ಓಡಿರಲ್ಲ. ಕೆಲವು ಓಡಬಾರದಷ್ಟು ಓಡಿರುತ್ತವೆ. ಎರಡೂ ಫೋಟೊದಲ್ಲಿ ಒಂದೇ ಥರ ಕಾಣ್ತವೆ.

ಏಳು ಸಾವಿರದ ಪಾಠ

ಹಳೇ ಸೈಕಲ್ ಕೊಂಡು ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. 2019ರಲ್ಲಿ, ಬೆಂಗಳೂರಲ್ಲಿ. 18 ಸಾವಿರ ಕೊಟ್ಟೆ. ಸೈಕಲ್ ಚೆನ್ನಾಗಿತ್ತು, ಮಾರಿದವನೂ ಸುಳ್ಳು ಹೇಳಿರಲಿಲ್ಲ. ಒಂದೇ ತೊಂದರೆ, ಫ್ರೇಮ್ ಅಳತೆ 56. ನಾನು 5 ಅಡಿ 6 ಇಂಚು. ನನ್ನಂಥವರಿಗೆ 52ರ ಆಸುಪಾಸು ಬೇಕು. "ಸೀಟ್ ಇಳಿಸಿ, ಸ್ಟೆಮ್ ಚಿಕ್ಕದು ಹಾಕಿದ್ರೆ ಆಯ್ತು ಬ್ರೋ" ಅಂದಿದ್ದ. ಆಗಲಿಲ್ಲ. ಹ್ಯಾಂಡಲ್ ಮುಟ್ಟೋಕೆ ಮೈಯೆಲ್ಲ ಚಾಚಬೇಕಿತ್ತು. 20 ಕಿಲೋಮೀಟರ್ ಆಗೋಷ್ಟರಲ್ಲಿ ಅಂಗೈ ಜೋಮು, ಕತ್ತು ನೋವು. ಆರು ತಿಂಗಳು ಒದ್ದಾಡಿ 11 ಸಾವಿರಕ್ಕೆ ಮಾರಿದೆ.

ಆ ಏಳು ಸಾವಿರ ಕಲಿಸಿದ್ದು ಇದು: ಹೊಸದೋ ಹಳೇದೋ ಅನ್ನೋದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಅಳತೆ. ಶರ್ಟು ದೊಡ್ಡದಾದ್ರೆ ದರ್ಜಿ ಹತ್ರ ಹಿಡಿಸಬಹುದು, ಫ್ರೇಮ್ ಹಿಡಿಸೋಕಾಗಲ್ಲ. ಹೊಸ ಸೈಕಲ್ ಅಂಗಡಿಯ ದೊಡ್ಡ ಲಾಭ ಇದೇ. ಒಂದೇ ಮಾಡೆಲ್ಲಿನ ಮೂರು ಅಳತೆ ಅಲ್ಲೇ ನಿಂತಿರುತ್ತವೆ, ಹತ್ತಿ ನೋಡಬಹುದು. ಹಳೇದು ಹುಡುಕುವಾಗ ನಿಮ್ಮ ಅಳತೆ ಬರೋವರೆಗೆ ಕಾಯಬೇಕು. ಕಾಯೋ ತಾಳ್ಮೆ ಇಲ್ಲ ಅಂದ್ರೆ ಹಳೇದರ ಸಹವಾಸವೇ ಬೇಡ. "ಸಸ್ತಾ ಸಿಕ್ತು, ಸ್ವಲ್ಪ ದೊಡ್ಡದಷ್ಟೆ" ಅನ್ನೋ ಸೈಕಲ್ಲು ಕೊನೆಗೆ ಎಲ್ಲಕ್ಕಿಂತ ದುಬಾರಿ.

ಚುಂಚನಕಟ್ಟೆ ವಿದ್ಯೆ

ಮೊದಲು ಫೋಟೊ ತೋರಿಸಿದ್ದೆನಲ್ಲ, ಆ 48 ಸಾವಿರದ ಕಾರ್ಬನ್ ಸೈಕಲ್ಲು, ಅದು ಮೈಸೂರಲ್ಲಿತ್ತು. ಅಳತೆ ಸರಿ ಇತ್ತು. 105 ಗೇರು. ಒಂದೇ ಬೆರಳಲ್ಲಿ ಎತ್ತಬಹುದು ಅನ್ನೋಷ್ಟು ಹಗುರ. ನೋಡೋಕೆ ಹೊರಟಾಗ ಅಪ್ಪ "ನಾನೂ ಬತ್ತೀನಿ ತಡಿ" ಅಂದರು. ಮೈಸೂರಲ್ಲಿ ಅವರಿಗೆ ಬೇರೆ ಕೆಲಸ ಇರಲಿಲ್ಲ.

ಅಪ್ಪ ಸೈಕಲ್ ವ್ಯಾಪಾರ ಮಾಡಿದವರಲ್ಲ, ಎತ್ತಿನ ವ್ಯಾಪಾರ ಮಾಡಿದವರು. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ ಸೇರುತ್ತಲ್ಲ, ಟ್ರ್ಯಾಕ್ಟರ್ ಬರೋಕೆ ಮುಂಚೆ ನಮ್ಮ ಮನೆಯ ಜೋಡಿ ಬಂದಿದ್ದೆಲ್ಲ ಅಲ್ಲಿಂದಲೇ. ಚಿಕ್ಕವನಿದ್ದಾಗ ಅವರ ಹೆಗಲ ಮೇಲೆ ಕೂತು ನಾನೂ ಹೋಗಿದ್ದೇನೆ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡೋದು, ಸುಳಿ ನೋಡೋದು, ಗೊರಸು ಎತ್ತಿಸೋದು, ಹತ್ತು ಹೆಜ್ಜೆ ನಡೆಸೋದು, ಆಮೇಲೆ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡೋದು. ಇಷ್ಟೂ ಆಗೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು.

ಮೈಸೂರಿನ ಆ ಮನೆಯ ಗೇಟಲ್ಲಿ ನಿಂತು ನಾನು ಸೈಕಲ್ ನೋಡ್ತಾ ಇದ್ದೆ. ಅಪ್ಪ ಸೈಕಲ್ ನೋಡಲೇ ಇಲ್ಲ, ಮಾರೋ ಹುಡುಗನನ್ನ ನೋಡಿದರು. "ಯಾಕಪ್ಪ ಮಾರ್ತಾ ಇದೀಯಾ?"

"ಅಪ್‌ಗ್ರೇಡ್ ಮಾಡ್ತಿದೀನಿ ಅಂಕಲ್."

"ಅಂದ್ರೆ ಹೊಸದು ತಗೊಂಡಿದ್ದೀಯಾ?"

"ಇಲ್ಲ... ತಗೋಬೇಕು."

"ಇದ್ರಲ್ಲಿ ಏನಾದ್ರೂ ಬಿದ್ದಿದ್ದಾ?"

"ಇಲ್ಲ ಅಂಕಲ್, ಒಂದ್ಸಲಾನೂ ಇಲ್ಲ."

ಅಪ್ಪ ಬಗ್ಗಿ ಫ್ರೇಮಿನ ಕೆಳಗಿನ ಕೊಳವೆ ಮೇಲೆ ಬೆರಳಿಟ್ಟರು. ಅಲ್ಲೊಂದು ಸ್ಟಿಕ್ಕರ್ ಇತ್ತು, ಹೊಸದು. ಸೈಕಲ್ಲಿನ ಮಿಕ್ಕ ಯಾವ ಭಾಗದಲ್ಲೂ ಸ್ಟಿಕ್ಕರ್ ಇರಲಿಲ್ಲ. "ಇದನ್ನ ಸ್ವಲ್ಪ ಕೀಳಪ್ಪ, ನೋಡಾಣ."

"ಪೇಂಟ್ ಹೋಗುತ್ತೆ ಅಂಕಲ್."

ನಾವು ಕಾಫಿ ಕುಡಿದು ಬಂದೆವು. ದಾರಿಯಲ್ಲಿ ಅಪ್ಪ ಹೇಳಿದ್ದು: "ಜಾತ್ರೇಲಿ ಗಾಯದ ಮೇಲೆ ಅರಿಶಿಣ ಬಳ್ದು ತರೋರು. ಅರಿಶಿಣ ಹಬ್ಬಕ್ಕೆ ಹಚ್ಚಿದ್ರೆ ಮೈಯೆಲ್ಲಾ ಹಚ್ತಾರೆ. ಒಂದೇ ಕಡೆ ಹಚ್ಚಿದ್ರೆ ನೋಡ್ಬೇಕು."

ಆ ಸ್ಟಿಕ್ಕರ್ ಕೆಳಗೆ ಬಿರುಕೇ ಇತ್ತು ಅಂತ ನಾನು ಹೇಳ್ತಿಲ್ಲ. ಬರೀ ಗೀರು ಇದ್ದಿರಬಹುದು. ಆದರೆ ಕಾರ್ಬನ್ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಅಲ್ಯೂಮಿನಿಯಂ ಫ್ರೇಮಿಗೆ ಏಟು ಬಿದ್ದರೆ ಸಾಮಾನ್ಯವಾಗಿ ತಗ್ಗು ಕಾಣುತ್ತೆ. ಕಾರ್ಬನ್ ಎಳೆಗಳು ಒಳಗೆ ಬಿಟ್ಟಿದ್ದರೂ ಹೊರಗೆ ಪೇಂಟು ನೆಟ್ಟಗಿರಬಹುದು. ಅದು ಮುರಿಯೋ ಹೊತ್ತಿಗೆ ನೀವು ಇಳಿಜಾರಲ್ಲಿ 40ರ ವೇಗದಲ್ಲಿ ಇರಬಹುದು. ಪರೀಕ್ಷೆ ಮಾಡೋರು ಜೊತೆಗಿಲ್ಲದೆ, ಹಿನ್ನೆಲೆ ಗೊತ್ತಿಲ್ಲದ ಕಾರ್ಬನ್ ಫ್ರೇಮನ್ನ ಬಜೆಟ್ಟಿಗೆ ಸಿಕ್ತು ಅಂತ ಕೊಳ್ಳಬೇಡಿ. ಕೊಂಡ ಮೇಲೆ ವಾರಂಟಿ ಕೇಳೋ ಹಾಗೂ ಇಲ್ಲ. ಫ್ರೇಮಿನ ವಾರಂಟಿ ಹೆಚ್ಚಿನ ಕಂಪನಿಗಳಲ್ಲಿ ಮೊದಲು ಕೊಂಡವರಿಗೆ ಮಾತ್ರ.

ಏನೇನು ನೋಡಬೇಕು?

ಆಮೇಲೆ ನಾನೂ ಅಪ್ಪನೂ ಇನ್ನೂ ಮೂರು ಸೈಕಲ್ ನೋಡಿದೆವು. ಅಷ್ಟರಲ್ಲಿ ಒಂದು ಕ್ರಮ ರೂಢಿಯಾಯಿತು. ಅರ್ಧ ಗಂಟೆ ಸಾಕು. ಬೇಕಾದ ಸಾಮಾನು: ಒಂದು ಅಡಿಯ ಉಕ್ಕಿನ ಸ್ಕೇಲು, ಒಂದು ಬಟ್ಟೆ, ಫೋನಿನ ಟಾರ್ಚು.

ಕಾರಣ: ಯಾಕೆ ಮಾರ್ತಿದ್ದೀರಿ ಅಂತ ಕೇಳಿ. ಉತ್ತರ ಬಂದ ಮೇಲೆ ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ನಿಜವಾದ ಕಾರಣಕ್ಕೆ ಎರಡನೇ ಉತ್ತರ ತಾನಾಗೇ ಬರುತ್ತೆ.

ಬಿಲ್ಲು: ಬಿಲ್ ಇದೆಯಾ? ಫ್ರೇಮ್ ನಂಬರ್ ಸಾಮಾನ್ಯವಾಗಿ ಪೆಡಲ್ ಇರೋ ಜಾಗದ ಅಡಿಭಾಗದಲ್ಲಿ ಕೊರೆದಿರುತ್ತೆ. ಸೈಕಲ್ ತಿರುಗಿಸಿ ಓದಿ. ಅದನ್ನ ಉಜ್ಜಿ ಅಳಿಸಿದ್ದರೆ ಮಾತು ಮುಂದುವರಿಸಬೇಡಿ. ಕದ್ದ ಸೈಕಲ್ ಅರ್ಧ ಬೆಲೆಗೆ ಬಂದ್ರೂ ಬೇಡ.

ಹಲ್ಲು: ಇದು ಅಪ್ಪನಿಗೆ ಬಹಳ ಖುಷಿ ಕೊಟ್ಟ ಭಾಗ. ಪೆಡಲ್ ಹತ್ತಿರದ ದೊಡ್ಡ ಚಕ್ರದ ಹಲ್ಲು, ಹಿಂದಿನ ಕ್ಯಾಸೆಟ್ಟಿನ ಹಲ್ಲು ಬಟ್ಟೆಯಲ್ಲಿ ಒರೆಸಿ ನೋಡಿ. ಎರಡೂ ಕಡೆ ಸಮವಾಗಿದ್ದರೆ ವಯಸ್ಸು ಕಮ್ಮಿ. ಒಂದು ಕಡೆ ಬಾಗಿ ಹುಲಿ ಉಗುರಿನ ಹಾಗೆ ಚೂಪಾಗಿದ್ದರೆ ಮುದಿ. ಎತ್ತಿಗೆ ಎರಡು ಹಲ್ಲು, ನಾಲ್ಕು ಹಲ್ಲು ಅಂತ ವಯಸ್ಸು ಹೇಳೋ ಹಾಗೇ ಇದು.

ಚೈನು: ಸ್ಕೇಲಿನ ಸೊನ್ನೆಯನ್ನ ಒಂದು ಪಿನ್ನಿನ ನಡುವಿಗೆ ಇಡಿ. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನು ಬರುತ್ತೆ. ಆ ಪಿನ್ನು 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಬೇಕು. 1/8 ಇಂಚು ಹೋಗಿದ್ದರೆ ಚೈನಿನ ಜೊತೆ ಕ್ಯಾಸೆಟ್ಟೂ ಹೋದ ಹಾಗೇ. "ಹೊಸ ಕಂಡೀಷನ್" ಅಂತ ಹೇಳಿದ ಒಂದು ಸೈಕಲ್ಲು ಈ ಸ್ಕೇಲಿನ ಮುಂದೆ ಸುಮ್ಮನಾಯಿತು.

ಬಿದ್ದ ಗುರುತು: ಸೈಕಲ್ ಬಿದ್ದರೆ ನೆಲ ಮುಟ್ಟೋದು ನಾಲ್ಕು ಜಾಗ: ಹ್ಯಾಂಡಲ್ ತುದಿ, ಬ್ರೇಕ್ ಲಿವರ್ರಿನ ಹೊರಗಡೆ, ಸೀಟಿನ ಅಂಚು, ಪೆಡಲ್ಲು. ಬಲಕ್ಕೆ ಬಿದ್ದಿದ್ದರೆ ಹಿಂದಿನ ಗೇರ್ ಕೂಡ. ಒಂದು ಕಡೆ ಗೀರಿದ್ದರೆ ಸೈಕಲ್ ಜಾರಿ ಬಿದ್ದಿರಬಹುದು, ಅದು ದೊಡ್ಡ ವಿಷಯವಲ್ಲ. ನಾಲ್ಕೂ ಕಡೆ ಗೀರಿದ್ದು, ಮಾರೋರು "ಬಿದ್ದೇ ಇಲ್ಲ" ಅಂದರೆ ಅದು ದೊಡ್ಡ ವಿಷಯ.

ಚಕ್ರ: ಎತ್ತಿ ತಿರುಗಿಸಿ, ಬ್ರೇಕಿನ ರಬ್ಬರ್ ಪಕ್ಕದಿಂದ ನೋಡಿ. ಅತ್ತಿತ್ತ ಓಲಾಡಿದರೆ ಬೆಂಡು. ಸ್ವಲ್ಪ ಬೆಂಡು ತೆಗೆಯಬಹುದು. ರಿಮ್ ಬ್ರೇಕಿನ ಸೈಕಲ್ ಆದರೆ ರಿಮ್ಮಿನ ಪಕ್ಕ ಬೆರಳಾಡಿಸಿ. ತಟ್ಟೆಯ ಹಾಗೆ ಒಳಗೆ ಸವೆದಿದ್ದರೆ ಆ ರಿಮ್ಮಿನ ಆಯುಸ್ಸು ಮುಗೀತಾ ಬಂತು. ಚಕ್ರಗಳೇ ಬದಲಿಸಬೇಕಾದ್ರೆ ನಿಮ್ಮ ಲೆಕ್ಕ ಪೂರ್ತಿ ತಲೆಕೆಳಗಾಗುತ್ತೆ.

ನಡೆ: ಕೊನೆಗೆ, ಐದು ಕಿಲೋಮೀಟರ್ ಓಡಿಸಿ. ಎಲ್ಲಾ ಗೇರ್ ಹಾಕಿ. ಒಂದ್ಸಲ ನಿಂತು ತುಳಿಯಿರಿ. ಕಟಕಟ ಅಂದ್ರೆ ಎಲ್ಲಿಂದ ಅಂತ ಕೇಳಿಸಿಕೊಳ್ಳಿ.

ಲೆಕ್ಕ

ಹಳೇ ಸೈಕಲ್ಲಿನ ಬೆಲೆ ಅಂದ್ರೆ ಮಾರೋರು ಹೇಳಿದ ಬೆಲೆ ಅಲ್ಲ. ಅದನ್ನ ನಂಬಿ ಓಡಿಸೋ ಸ್ಥಿತಿಗೆ ತರೋವರೆಗೆ ಆಗೋ ಬೆಲೆ. ನನ್ನ ಕೊನೆಯ ಹೋಲಿಕೆ ಹೀಗಿತ್ತು.

ಹೊಸದು: ಕ್ಲಾರಿಸ್ ಗೇರಿನ ಅಲ್ಯೂಮಿನಿಯಂ ಸೈಕಲ್, 44 ಸಾವಿರ. ಹೆಲ್ಮೆಟ್, ಮುಂದೆ ಹಿಂದೆ ಲೈಟು, ಪಂಪು, ಎರಡು ಹೆಚ್ಚುವರಿ ಟ್ಯೂಬು ಸೇರಿ 4,800. ಒಟ್ಟು 48,800. ಉಳಿಯೋದು 1,200.

ಹಳೇದು: ನಾಲ್ಕು ವರ್ಷದ ಸೋರಾ ಗೇರಿನ ಅಲ್ಯೂಮಿನಿಯಂ ಸೈಕಲ್, ಮುಂದಿನ ಫೋರ್ಕ್ ಮಾತ್ರ ಕಾರ್ಬನ್, ರಿಮ್ ಬ್ರೇಕು. ಚೌಕಾಸಿ ಆದ ಮೇಲೆ 29 ಸಾವಿರ. ಓಡಿಸಿದ್ದು ಕಮ್ಮಿಯಾದರೂ ಸುಮ್ಮನೆ ನಿಂತು ಟೈರ್ ಬಿರಿದಿತ್ತು, ಚೈನ್ ತುಕ್ಕು ಹಿಡಿದಿತ್ತು. ಚೈನ್ 1,100, ಕ್ಯಾಸೆಟ್ 2,200, ಎರಡು ಟೈರು 3,400, ಟ್ಯೂಬು 800, ಕೇಬಲ್ಲು ಮತ್ತು ಹ್ಯಾಂಡಲ್ ಟೇಪು 1,300, ಸರ್ವಿಸ್ ಕೂಲಿ 1,500. ಅಲ್ಲಿಗೆ 10,300. ಹೆಲ್ಮೆಟ್ ಇತ್ಯಾದಿ ಅದೇ 4,800. ಒಟ್ಟು 44,100. ಉಳಿಯೋದು 5,900.

ನೋಡಿ, 15 ಸಾವಿರ ಅಂತ ಕಾಣ್ತಿದ್ದ ಉಳಿತಾಯ ಐದು ಸಾವಿರಕ್ಕೆ ಇಳೀತು. ಹಳೇದರಲ್ಲಿ ನಿಜವಾಗಿ ಸಿಕ್ಕ ಲಾಭ ಅಂದ್ರೆ ಒಂದು ಮೆಟ್ಟಿಲು ಮೇಲಿನ ಸೈಕಲ್ಲು, ಜೊತೆಗೆ ಐದು ಸಾವಿರ. ಕಳೆದುಕೊಂಡದ್ದು ವಾರಂಟಿ, ಮತ್ತೆ ಹುಡುಕಾಟದಲ್ಲಿ ಹೋದ ಏಳು ಭಾನುವಾರ.

ಚೌಕಾಸಿ ಮಾಡುವಾಗ ಒಂದು ವಿಷಯ ಉಪಯೋಗಕ್ಕೆ ಬಂತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ತೆರಿಗೆ ಸೇರಿ 50 ಸಾವಿರ ಇದ್ದ ಸೈಕಲ್ಲು, ಮೂಲ ಬೆಲೆ ಬದಲಾಗದಿದ್ದರೆ, ಈಗ 46,900ರ ಹತ್ತಿರ ಬರುತ್ತೆ. ಮಾರೋರು ತಾವು ಅಂದು ಕೊಟ್ಟ ಬೆಲೆ ಹಿಡಿದು ಲೆಕ್ಕ ಹೇಳ್ತಾರೆ. ನೀವು ಇವತ್ತು ಅಂಗಡಿಯಲ್ಲಿರೋ ಹೊಸದರ ಬೆಲೆ ಹಿಡಿದು ಮಾತಾಡಿ.

ನಾನು ಹಳೇದನ್ನೇ ತಗೊಂಡೆ. ಲೆಕ್ಕಕ್ಕಿಂತ ಹೆಚ್ಚಾಗಿ, ಮಾರಿದವರ ಕಾರಣ ಒಪ್ಪಿಗೆಯಾಯ್ತು. ಬೆಂಗಳೂರಲ್ಲಿ ಅವರ ಮನೆ ಬಾಗಿಲು ತೆಗೆದಾಗ ಅವರ ಹೆಗಲ ಮೇಲೆ ಎಂಟು ತಿಂಗಳ ಮಗು ನಿದ್ದೆ ಮಾಡ್ತಾ ಇತ್ತು. ಅಪ್ಪ ಅಲ್ಲಿ ಪ್ರಶ್ನೆ ಕೇಳಲಿಲ್ಲ. "ಯಾಪಾರ ಮಾಡು" ಅಂತ ನನ್ನ ಕಿವಿಯಲ್ಲಿ ಹೇಳಿದರು. ಅವರೇ ಬಿಲ್ ತಂದು ಕೊಟ್ಟು, "2021ರಲ್ಲಿ 58 ಸಾವಿರ ಕೊಟ್ಟಿದ್ದೆ ಸಾರ್. ಒಂದ್ಸಲ ಎಡಕ್ಕೆ ಬಿದ್ದಿದ್ದೀನಿ, ಇಲ್ಲಿ ನೋಡಿ" ಅಂತ ಲಿವರ್ ಮೇಲಿನ ಗೀರು ತೋರಿಸಿದರು.

ಊರಿನ ರಸ್ತೆ ಕೇಳೋ ಪ್ರಶ್ನೆ

ಇಲ್ಲಿಗೇ ಮುಗಿಸಿದರೆ ಈ ಬರಹ 'ಹಳೇದೇ ಒಳ್ಳೇದು' ಅಂತ ಹೇಳಿದ ಹಾಗಾಗುತ್ತೆ. ಆದರೆ ಕಥೆ ಇನ್ನೂ ಇದೆ.

ಊರಿಗೆ ತಂದ ಮೇಲೆ ಬೆಳಗ್ಗೆ ಆರಕ್ಕೆ ಹೊರಡೋದು ಅಭ್ಯಾಸ ಆಯ್ತು. ಒಂದು ದಿನ ಕೆ.ಆರ್. ನಗರದ ಕಡೆ, ಒಂದು ದಿನ ಸಾಲಿಗ್ರಾಮದ ಕಡೆ. ಎರಡೂ ಪಕ್ಕ ಭತ್ತದ ಗದ್ದೆ, ಮಂಜು. ಮೊದಲ ವಾರವೇ ಗೊತ್ತಾದದ್ದು, ನಮ್ಮ ಕಡೆಗೆ 25 ಮಿಲಿಮೀಟರ್ ಟೈರ್ ಸಾಲದು. 28 ಹಾಕಿಸಿದ್ದು ಒಳ್ಳೇದಾಯ್ತು. 32 ಹಿಡಿಸೋ ಫ್ರೇಮ್ ಆಗಿದ್ದರೆ ಇನ್ನೂ ಒಳ್ಳೇದಿತ್ತು. ಸುಗ್ಗಿ ಬಂದಾಗ ಇನ್ನೊಂದು ಪಾಠ. ರಸ್ತೆ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡ್ತಾರಲ್ಲ, ಅದರ ಮೇಲೆ ರೋಡ್ ಸೈಕಲ್ ಓಡಿಸಬೇಡಿ. ಕಡ್ಡಿ ಗೇರಿಗೆ ಸುತ್ತಿಕೊಂಡರೆ ಸೈಕಲ್ ಅಲ್ಲೇ ನಿಲ್ಲುತ್ತೆ. ಇಳಿದು ತಳ್ಳಿಕೊಂಡು ಹೋಗೋದೇ ವಾಸಿ.

ಮೂರನೇ ತಿಂಗಳು ಹಿಂದಿನ ಚಕ್ರದ ಒಂದು ಸ್ಪೋಕ್ಸ್ 'ಟಿಂಗ್' ಅಂತ ಮುರೀತು. ಗೇರ್ ಇರೋ ಕಡೆಯದ್ದೇ. ನಮ್ಮೂರ ಸೈಕಲ್ ಶಾಪ್ ಯಜಮಾನ್ರ ಹತ್ರ ತಳ್ಕೊಂಡು ಹೋದೆ. ನಾನು ಎಂಟನೇ ಕ್ಲಾಸಲ್ಲಿದ್ದಾಗಿಂದ ನನ್ನ ಪಂಕ್ಚರ್ ಹಾಕಿದವರು. ಚಕ್ರ ಕೈಯಲ್ಲಿ ಹಿಡಿದು ತಿರುಗಿಸಿ, "ಬೆಂಡ್ ತೆಗಿಯೋದು ಐದು ನಿಮಿಷದ ಕೆಲ್ಸ. ಆದ್ರೆ ಈ ಗೇರ್ ಬಿಚ್ಚೋ ಟೂಲ್ ನಮ್ತಾವ ಇಲ್ಲ, ಇಷ್ಟು ಸಣ್ಣ ಸ್ಪೋಕ್ಸೂ ಇಲ್ಲ" ಅಂದರು. ಗಾಳಿ ಹಾಕೋದಕ್ಕೂ ಅವರ ಪಂಪು ಇದರ ಸಪೂರ ವಾಲ್ವಿಗೆ ಕೂರಲಿಲ್ಲ. ಚಕ್ರ ಬಿಚ್ಚಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ "ಇದೊಂದೇನಾ, ಮಿಕ್ಕಿದ್ದು ಎಲ್ಲಿ?" ಅಂತ ಕೇಳಿದರು. ಮೈಸೂರಿಗೆ ಹೋಗಿ ಬರೋಕೆ ಒಂದು ಇಡೀ ಶನಿವಾರ ಹೋಯ್ತು, ಒಂದು ಸ್ಪೋಕ್ಸಿಗಾಗಿ.

ಆವಾಗ ಅರ್ಥ ಆಯ್ತು, ಹೊಸದೋ ಹಳೇದೋ ಅನ್ನೋ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ: ಕೆಟ್ಟಾಗ ಇದನ್ನ ಯಾರು ಸರಿ ಮಾಡ್ತಾರೆ? ಬೆಂಗಳೂರು, ಮೈಸೂರಲ್ಲಿ ಇರೋರಿಗೆ ಇದು ಪ್ರಶ್ನೆಯೇ ಅಲ್ಲ. ಆದರೆ ನಮ್ಮ ಹಾಗೆ ಅರ್ಧ ತಿಂಗಳು ಊರಲ್ಲಿ ಇರೋರು, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರು, ಕೊಳ್ಳೋ ಮೊದಲೇ ಇದನ್ನ ಕೇಳಿಕೊಳ್ಳಬೇಕು. ನಾನು ಆ ಕಾರ್ಬನ್ ಸೈಕಲ್ ತಂದಿದ್ದರೆ ಪ್ರತಿ ಸಣ್ಣ ಕೆಲಸಕ್ಕೂ ಬಸ್ಸೇ ಗತಿ. ಕೇಬಲ್ ಗೇರು, ರಿಮ್ ಬ್ರೇಕು, 8 ಅಥವಾ 9 ಹಲ್ಲುಚಕ್ರದ ಸೈಕಲ್ ಆದ್ರೆ ನಿಮ್ಮೂರಿನ ಮೆಕ್ಯಾನಿಕ್ಕಿಗೆ ಅದರ ತರ್ಕ ಅರ್ಥ ಆಗುತ್ತೆ. ಅವರಲ್ಲಿ ಕೈಚಳಕಕ್ಕೆ ಕೊರತೆ ಇಲ್ಲ, ಸಾಮಾನಿಗೆ ಮಾತ್ರ ಕೊರತೆ.

ಹಾಗಾದ್ರೆ ಯಾವುದು?

ಇದು ನಿಮ್ಮ ಮೊದಲ ರೋಡ್ ಸೈಕಲ್ ಆಗಿದ್ದು, ನಿಮ್ಮ ಅಳತೆ ಗೊತ್ತಿಲ್ಲದಿದ್ದರೆ, ನೋಡಿ ಹೇಳೋರು ಯಾರೂ ಜೊತೆಗಿಲ್ಲದಿದ್ದರೆ, ಹೊಸದನ್ನೇ ತಗೊಳ್ಳಿ. ಟೂರ್ನಿಯೋ ಕ್ಲಾರಿಸ್ಸೋ, ಅದು ನಾಚಿಕೆಪಡೋ ವಿಷಯ ಅಲ್ಲ. ಮೊದಲ ವರ್ಷ ನಿಮಗೂ 105ಕ್ಕೂ ನಡುವೆ ಇರೋ ಅಂತರ ಗೇರಿಂದು ಅಲ್ಲ, ಕಾಲಿಂದು.

ಅಳತೆ ಗೊತ್ತಿದ್ದರೆ, ಎರಡು ತಿಂಗಳು ಕಾಯೋ ತಾಳ್ಮೆ ಇದ್ದರೆ, ಬಜೆಟ್ಟಿನ ಕಾಲು ಭಾಗ ರಿಪೇರಿಗೆ ಎತ್ತಿಟ್ಟುಕೊಳ್ಳೋಕೆ ಆದರೆ, ಹಳೇದು ನೋಡಿ. ಅಲ್ಯೂಮಿನಿಯಂ ನೋಡಿ. ಪೂರ್ತಿ 50 ಸಾವಿರದ ಹಳೇ ಸೈಕಲ್ ಮಾತ್ರ ನೋಡಲೇಬೇಡಿ. ಅದರ ಟೈರ್ ಬದಲಿಸೋಕೆ ನಿಮ್ಮ ಹತ್ರ ದುಡ್ಡಿರಲ್ಲ.

ಓಡಿಸ್ತೀರೋ ಇಲ್ಲವೋ ಅನ್ನೋ ಅನುಮಾನ ಇದ್ದರೆ ಎರಡೂ ಬೇಡ. ಒಂದು ತಿಂಗಳು ಯಾರದಾದ್ರೂ ಮಾಮೂಲಿ ಸೈಕಲ್ ಇಸ್ಕೊಂಡು ಓಡಿಸಿ. ಆಮೇಲೂ ಬೆಳಗ್ಗೆ ಎಚ್ಚರ ಆಗ್ತಾ ಇದ್ದರೆ ಹುಡುಕೋಕೆ ಶುರು ಮಾಡಿ.

ಈಚೆಗೆ ನನ್ನ ಎಚ್‌ಬಿಎ1ಸಿ 5.8 ಬಂತು. ಸೈಕಲ್ಲೊಂದರಿಂದಲೇ ಅಲ್ಲ, ರಾತ್ರಿ ಅನ್ನವೂ ಅರ್ಧ ಆಗಿದೆ. ಟ್ರೆಡ್‌ಮಿಲ್ ಮೇಲೆ ಟವೆಲ್ ಇನ್ನೂ ಒಣಗ್ತಾ ಇದೆ, ಸೈಕಲ್ ಮೇಲೆ ಇನ್ನೂ ಹಾಕಿಲ್ಲ.

ಉಳಿದಿದ್ದ 5,900ರಲ್ಲಿ ಕ್ಯಾಸೆಟ್ ಬಿಚ್ಚೋ ಟೂಲು, ಆರು ಸ್ಪೋಕ್ಸು, ಒಂದು ಚೈನ್ ಲಿಂಕು, ಆ ಸಪೂರ ವಾಲ್ವಿಗೆ ಹಾಕೋ ಹಿತ್ತಾಳೆ ಅಡಾಪ್ಟರ್ ತಂದೆ. ಮುಂದಿನ ಸ್ಪೋಕ್ಸ್ ಮುರಿದಾಗ ಯಜಮಾನ್ರು ಅಂಗಡಿ ಮುಂದೆ ಕಲ್ಲಿನ ಮೇಲೆ ಕೂತು, ಟೂಲನ್ನು ಎರಡು ಸಲ ತಿರುಗಿಸಿ ನೋಡಿ, ಗೇರ್ ಬಿಚ್ಚಿ, ಸ್ಪೋಕ್ಸ್ ಹಾಕಿ, ಬೆಂಡ್ ತೆಗೆದು ಕೊಟ್ಟರು. ಚಕ್ರ ಮೈಸೂರಿಂದ ಬಂದಾಗ ಇದ್ದದ್ದಕ್ಕಿಂತ ನೆಟ್ಟಗೆ ತಿರುಗ್ತಿತ್ತು. ಎಷ್ಟು ಅಂದೆ. ಮೂವತ್ತು ರೂಪಾಯಿ ಅಂದರು.

ಆ ಡಬ್ಬಿಯನ್ನ ನಾನು ವಾಪಸ್ ತರಲಿಲ್ಲ. ಅವರ ಅಂಗಡಿಯಲ್ಲೇ ಇದೆ.